ಕಲ್ಯಾಣದಲ್ಲಿ ಅಕ್ಷರ ಕಲಿತ ಪಾದ್ರಿ: ರೆವರೆಂಡ್ ನಾರಾಯಣ ವಾಮನ ಟಿಳಕರ ಬದುಕು ಹೇಳುವ ಸೇವೆಯ ಪಾಠ

ಖಾರಘರ: ಇಲ್ಲಿಂದ ಠಾಣೆಗೆ ಒಂದು ಲೋಕಲ್, ಠಾಣೆಯಲ್ಲಿ ಇಳಿದು ಕಲ್ಯಾಣಕ್ಕೆ ಇನ್ನೊಂದು ಲೋಕಲ್. ನವಿ ಮುಂಬೈಯ ಕನ್ನಡಿಗರಿಗೆ ಇದು ಗೊತ್ತಿರುವ ದಾರಿ. ಕೆಲಸಕ್ಕೆ, ನೆಂಟರ ಮನೆಗೆ, ಭಾನುವಾರದ ಆರಾಧನೆಗೆ ಎಂದು ಎಷ್ಟೋ ಮಂದಿ ಈ ದಾರಿಯಲ್ಲಿ ಓಡಾಡುತ್ತಾರೆ. ಆದರೆ ಅದೇ ಕಲ್ಯಾಣದಲ್ಲಿ ಸುಮಾರು ಒಂದೂವರೆ ಶತಮಾನದ ಹಿಂದೆ ಅಕ್ಷರ ಕಲಿತ ಒಬ್ಬ ಬ್ರಾಹ್ಮಣ ಹುಡುಗ ಮುಂದೆ ಮರಾಠಿ ಕ್ರೈಸ್ತರ ಅಚ್ಚುಮೆಚ್ಚಿನ ಪಾದ್ರಿಯಾದ, ಮಹಾರಾಷ್ಟ್ರದ ದೊಡ್ಡ ಕವಿಗಳ ಸಾಲಿಗೆ ಸೇರಿದ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಆತನೇ ರೆವರೆಂಡ್ ನಾರಾಯಣ ವಾಮನ ಟಿಳಕ್. ಟಿಳಕ್ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಲೋಕಮಾನ್ಯರು. ಇಬ್ಬರೂ ಕೊಂಕಣದ ರತ್ನಾಗಿರಿ ಜಿಲ್ಲೆಯವರು, ಇಬ್ಬರೂ ಚಿತ್ಪಾವನ ಬ್ರಾಹ್ಮಣರು, ಹೆಚ್ಚು ಕಡಿಮೆ ಒಂದೇ ಕಾಲದವರು. ಒಬ್ಬರು ರಾಜಕೀಯದಲ್ಲಿ ಹೆಸರಾದರೆ, ಇನ್ನೊಬ್ಬರು ಭಕ್ತಿಯಲ್ಲಿ ಮತ್ತು ಕಾವ್ಯದಲ್ಲಿ ಹೆಸರಾದರು. ಸಭೆ ನಡೆಸುವವರು, ಸುವಾರ್ತಾ ಸೇವೆಯಲ್ಲಿ ಇರುವವರು ಇವರ ಬದುಕಿನಿಂದ ಕಲಿಯಬೇಕಾದದ್ದು ಬಹಳ ಇದೆ. ಅವರು ಸರಿಯಾಗಿ ಮಾಡಿದ್ದರಿಂದ ಎಷ್ಟು ಕಲಿಯಬಹುದೋ, ತಪ್ಪಿ ನಡೆದದ್ದರಿಂದಲೂ ಅಷ್ಟೇ ಕಲಿಯಬಹುದು.

ತಾಯಿಯ ಭಕ್ತಿ, ನಾಸಿಕದ ಸಂಸ್ಕೃತ

ಟಿಳಕರು ಹುಟ್ಟಿದ್ದು 1861ರ ಡಿಸೆಂಬರ್ 6ರಂದು, ರತ್ನಾಗಿರಿ ಜಿಲ್ಲೆಯ ಕರಜಗಾಂವ್‌ನಲ್ಲಿ. ತಂದೆ ವಾಮನರಾವ್ ಸರ್ಕಾರಿ ನೌಕರ, ಸಿಡುಕಿನ ಸ್ವಭಾವದವರು. ತಾಯಿ ಜಾನಕಿಬಾಯಿ ದೈವಭಕ್ತೆ, ಹಾಡು ಪದ್ಯಗಳಲ್ಲಿ ಒಲವಿದ್ದವರು. ಮಗನಿಗೆ ಕವಿತೆಯ ಗೀಳು ಹತ್ತಿದ್ದು ತಾಯಿಯ ಮಡಿಲಲ್ಲೇ. 1868ರಿಂದ 1873ರವರೆಗೆ ಅವರ ಪ್ರಾಥಮಿಕ ಓದು ನಡೆದದ್ದು ಕಲ್ಯಾಣದಲ್ಲಿ. ದೇಶದ ಮೊದಲ ಪ್ರಯಾಣಿಕ ರೈಲು ಬೋರಿಬಂದರಿನಿಂದ ಠಾಣೆಗೆ ಓಡಿದ್ದು 1853ರಲ್ಲಿ. ಮರುವರ್ಷವೇ ಹಳಿ ಕಲ್ಯಾಣ ಮುಟ್ಟಿತ್ತು. ಟಿಳಕರು ಶಾಲೆಗೆ ಹೋಗುವ ಹೊತ್ತಿಗೆ ಆ ಊರಿಗೆ ರೈಲು ಹೊಸತಾಗಿರಲಿಲ್ಲ. ಮುಂದೆ ಅವರ ಬದುಕು ತಿರುಗಿದ್ದೂ ಒಂದು ರೈಲು ಡಬ್ಬಿಯಲ್ಲೇ.

ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡ ಹುಡುಗ ನಾಸಿಕಕ್ಕೆ ಹೋದ. ಅಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ ಕಲಿತ. ನಂತರ ಒಂದೆರಡು ವರ್ಷ ಇಂಗ್ಲಿಷ್ ಶಾಲೆ. ಮನೆ ಸಾಗಬೇಕಿದ್ದರಿಂದ ಹೈಸ್ಕೂಲು ಓದು ಅರ್ಧಕ್ಕೇ ನಿಂತಿತು, ಸಣ್ಣ ಸಂಬಳದ ಮೇಷ್ಟರ ಕೆಲಸ ಹಿಡಿಯಬೇಕಾಯಿತು. ಆಮೇಲೆ ಒಂದೂರಲ್ಲಿ ನಿಂತವರೇ ಅಲ್ಲ. ಒಂದು ಕಡೆ ಮೇಷ್ಟರು, ಇನ್ನೊಂದು ಕಡೆ ಪುರೋಹಿತರು, ಮತ್ತೊಂದು ಕಡೆ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸ. ಹೇಳದೆ ಕೇಳದೆ ಮನೆ ಬಿಟ್ಟು ಹೋಗುವುದು, ಕೆಲವು ದಿನ ಕಳೆದು ಎಲ್ಲಿಂದಲೋ ಕಾಗದ ಬರೆಯುವುದು ಅವರ ಅಭ್ಯಾಸವಾಗಿತ್ತು.

ಇಂಥವರಿಗೆ 1880ರ ಸುಮಾರಿಗೆ ಮದುವೆಯಾಯಿತು. ಹುಡುಗಿಗೆ ಆಗ ಹನ್ನೊಂದರ ಆಸುಪಾಸಿನ ವಯಸ್ಸು. ತವರಿನ ಹೆಸರು ಮನು, ಗಂಡನ ಮನೆಯಲ್ಲಿ ಲಕ್ಷ್ಮೀಬಾಯಿ. ನಾಸಿಕದ ಹತ್ತಿರದ ಜಲಾಲಪುರದ ಈ ಹುಡುಗಿ ಬೆಳೆದದ್ದು ಕಟ್ಟುನಿಟ್ಟಿನ ಮಡಿಯಲ್ಲಿ. ಆಕೆಯ ತಂದೆಗೆ ಮಡಿಯ ಹುಚ್ಚು ಎಷ್ಟಿತ್ತೆಂದರೆ, ಹೊರಗಿನಿಂದ ಬಂದ ಸಾಮಾನನ್ನೆಲ್ಲ ತೊಳೆಯದೆ ಒಳಗೆ ತೆಗೆದುಕೊಳ್ಳುವಂತಿರಲಿಲ್ಲ. ಶಾಲೆಯ ಮುಖ ಕಂಡವರಲ್ಲ. ಅಕ್ಷರ ಕಲಿಸಿದ್ದು ಗಂಡನೇ. ಆ ಅಕ್ಷರಗಳೇ ಮುಂದೆ ಮರಾಠಿ ಸಾಹಿತ್ಯಕ್ಕೆ ಒಂದು ಅಪರೂಪದ ಪುಸ್ತಕ ಕೊಟ್ಟವು.

ರೈಲಿನಲ್ಲಿ ಸಿಕ್ಕ ಪುಸ್ತಕ

1891ರಲ್ಲಿ ಟಿಳಕರಿಗೆ ನಾಗಪುರದಲ್ಲಿ ಸಂಸ್ಕೃತ ಗ್ರಂಥಗಳ ಅನುವಾದದ ಕೆಲಸ ಸಿಕ್ಕಿತು. ಶ್ರೀಮಂತರ ಆಶ್ರಯವೂ ಸಿಕ್ಕಿತು. ಋಷಿ ಎಂಬ ಹೆಸರಿನ ಪತ್ರಿಕೆ ನಡೆಸಿ ಹಿಂದೂ ಧರ್ಮದ ವಿಚಾರಗಳನ್ನು ಚರ್ಚಿಸಿದರು. ಜಾತಿಯ ಹೆಸರಿನಲ್ಲಿ ಮನುಷ್ಯನನ್ನು ಮನುಷ್ಯ ತುಳಿಯುವುದು, ದೇಶದ ಜನ ಒಡೆದು ಹೋಗಿರುವುದು ಅವರ ಮನಸ್ಸನ್ನು ಕೊರೆಯುತ್ತಿದ್ದ ವಿಷಯಗಳು.

1893ರಲ್ಲಿ ನಾಗಪುರ ಬಿಟ್ಟು ಕೆಲಸ ಹುಡುಕುತ್ತ ರಾಜನಾಂದಗಾಂವ್ ಸಂಸ್ಥಾನಕ್ಕೆ ರೈಲಿನಲ್ಲಿ ಹೊರಟರು. ಎದುರಿಗೆ ಒಬ್ಬ ಬಿಳಿಯ ಸಹಪ್ರಯಾಣಿಕ. ಆ ಕಾಲದಲ್ಲಿ ಬಿಳಿಯರೆಂದರೆ ದರ್ಪದ ಜನ ಎಂಬ ಭಾವನೆ ಸಹಜವಾಗಿತ್ತು. ಈತ ಹಾಗಿರಲಿಲ್ಲ. ಗೌರವದಿಂದ ಜಾಗ ಕೊಟ್ಟು, ಸಂಸ್ಕೃತ ಕಾವ್ಯದ ಬಗ್ಗೆ ಮಾತಾಡಿ, ಇಳಿಯುವ ಮುಂಚೆ ಒಂದು ಸತ್ಯವೇದದ ಪ್ರತಿಯನ್ನು ಕೈಗಿತ್ತ. ಪ್ರಾರ್ಥನೆ ಮಾಡುತ್ತ ಓದುವಂತೆ ಕೇಳಿಕೊಂಡ. ಎರಡು ವರ್ಷದೊಳಗೆ ಟಿಳಕರು ಕ್ರೈಸ್ತರಾಗುತ್ತಾರೆ ಎಂದೂ ಹೇಳಿದ. ಟಿಳಕರಿಗೆ ಆ ಮಾತು ತಮಾಷೆಯಾಗಿ ಕಂಡಿತು.

ಆದರೂ ಕೊಟ್ಟ ಮಾತಿಗಾಗಿ ಪುಸ್ತಕ ತೆರೆದರು. ಪೆನ್ಸಿಲ್ ಹಿಡಿದು, ಮುಖ್ಯ ಎನಿಸಿದಲ್ಲಿ ಗುರುತು ಹಾಕುತ್ತ ಓದತೊಡಗಿದರು. ಮತ್ತಾಯನ ಸುವಾರ್ತೆಯ ಬೆಟ್ಟದ ಪ್ರಸಂಗಕ್ಕೆ ಬಂದಾಗ ಮುಂದೆ ಹೋಗಲು ಆಗಲಿಲ್ಲ. ವೈರಿಯನ್ನೂ ಪ್ರೀತಿಸಬೇಕು ಎಂಬ ಆ ಬೋಧನೆಯಲ್ಲಿ, ತಾವು ವರ್ಷಗಟ್ಟಲೆ ಹುಡುಕುತ್ತಿದ್ದ ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು ಎಂದು ಅವರಿಗೆ ಅನಿಸಿತು. ಒಂದು ದಿನದಲ್ಲಿ ಮನಸ್ಸು ಬದಲಾಯಿಸಿದವರಲ್ಲ. ಮತ್ತೆ ಮತ್ತೆ ಓದಿದರು, ವಾದ ಮಾಡಿದರು, ಕ್ರೈಸ್ತ ಪತ್ರಿಕೆಗೆ ಹೆಸರು ಬಚ್ಚಿಟ್ಟು ಕಾಗದ ಬರೆದು ಸಂಶಯ ಕೇಳಿದರು. ಕೊನೆಗೆ 1895ರ ಫೆಬ್ರವರಿ 10ರಂದು ಮುಂಬೈಯ ಅಮೆರಿಕನ್ ಮಿಷನ್ ದೇವಾಲಯದಲ್ಲಿ ದೀಕ್ಷಾಸ್ನಾನ ಪಡೆದರು.

ಇಲ್ಲಿ ಸೇವೆಯಲ್ಲಿರುವವರಿಗೆ ಒಂದು ಪಾಠ ಇದೆ. ರೈಲಿನಲ್ಲಿ ಸಿಕ್ಕ ಆ ವ್ಯಕ್ತಿ ವಾದ ಮಾಡಿ ಗೆಲ್ಲಲಿಲ್ಲ. ಎದುರಿಗಿದ್ದವನ ವಿದ್ಯೆಯನ್ನು ಗೌರವಿಸಿದ, ಪುಸ್ತಕ ಕೊಟ್ಟ, ತನ್ನ ನಿಲ್ದಾಣದಲ್ಲಿ ಇಳಿದು ಹೋದ. ಉಳಿದದ್ದನ್ನು ಓದುವವನಿಗೇ ಬಿಟ್ಟ. ತಲೆ ಎಣಿಸುವ ಅವಸರ ಅಲ್ಲಿ ಇರಲಿಲ್ಲ.

ಮನೆಯಲ್ಲಿ ಬಿದ್ದ ಸಿಡಿಲು

ಟಿಳಕರ ಈ ನಿರ್ಧಾರದ ಬೆಲೆ ತೆತ್ತವರು ಲಕ್ಷ್ಮೀಬಾಯಿ. ಗಂಡ ಕ್ರೈಸ್ತನಾಗುವ ವಿಷಯವನ್ನು ಆಕೆಯ ಹತ್ತಿರ ಕುಳಿತು ಮಾತಾಡಿ, ಒಪ್ಪಿಸಿ ಮಾಡಿದ್ದಲ್ಲ. ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಆಗ ಕೈಯಲ್ಲಿ ಪುಟ್ಟ ಮಗ ದತ್ತು, ಅಂದರೆ ದೇವದತ್ತ. ಮುಂಚೆ ಹುಟ್ಟಿದ ಮಕ್ಕಳನ್ನು ಕಳೆದುಕೊಂಡ ನೋವು ಬೇರೆ ಇತ್ತು.

ಆ ಕಾಲದ ಬ್ರಾಹ್ಮಣ ಕುಟುಂಬದಲ್ಲಿ ಗಂಡ ಕ್ರೈಸ್ತನಾದ ಎಂದರೆ ಹೆಂಡತಿಯ ಪಾಲಿಗೆ ಆತ ಸತ್ತ ಹಾಗೆ. ಆದರೆ ಆತ ಬದುಕಿರುವುದರಿಂದ ಆಕೆ ವಿಧವೆಯೂ ಅಲ್ಲ. ಕುಂಕುಮ ಇಟ್ಟುಕೊಳ್ಳಬಹುದು, ಗಂಡನ ಮನೆಗೆ ಹೋಗುವಂತಿಲ್ಲ. ಲಕ್ಷ್ಮೀಬಾಯಿ ದುಃಖದಲ್ಲಿ ಹಾಸಿಗೆ ಹಿಡಿದರು. ಪಂಢರಪುರದಲ್ಲಿ ನೆಂಟರ ಆಸರೆಯಲ್ಲಿ, ವಿಠೋಬನ ಊರಿನಲ್ಲಿ, ಮಗನನ್ನು ಕಟ್ಟಿಕೊಂಡು ದಿನ ದೂಡಿದರು. ಅಕ್ಷರ ಕಲಿಸಿದ ಗಂಡ ದೂರವಾದಾಗ ಆ ಅಕ್ಷರಗಳೇ ಸಮಾಧಾನ ಕೊಟ್ಟವು. ನೋವನ್ನು ಕವಿತೆ ಕಟ್ಟಿ ಹೇಳಿಕೊಂಡರು.

ಅತ್ತ ಟಿಳಕರು ಅಹಮದ್‌ನಗರದಲ್ಲಿ, ಅಂದರೆ ಇಂದಿನ ಅಹಿಲ್ಯಾನಗರದಲ್ಲಿ, ಅಮೆರಿಕನ್ ಮರಾಠಿ ಮಿಷನ್ನಿನ ಆಶ್ರಯದಲ್ಲಿ ನೆಲೆಸಿದರು. ಬೋಧಕರಾಗಲು ತಯಾರಾಗುತ್ತಿದ್ದವರಿಗೆ ಪಾಠ ಹೇಳುವ ಕೆಲಸ. ಮಿಷನರಿ ರಾಬರ್ಟ್ ಹ್ಯೂಮ್ ಅವರ ಸ್ನೇಹ, ಬೆಂಬಲ ಸಿಕ್ಕಿತು. ಆದರೆ ಹೆಂಡತಿ ಮಗನಿಲ್ಲದ ಮನೆ. ಟಿಳಕರು ಮತ್ತೊಂದು ಮದುವೆಯಾಗಲಿಲ್ಲ. ಕಾಗದ ಬರೆಯುತ್ತ, ಕಾಯುತ್ತ ಉಳಿದರು.

ಹೀಗೆ ನಾಲ್ಕೈದು ವರ್ಷ ಕಳೆದವು. ಕೊನೆಗೆ ಲಕ್ಷ್ಮೀಬಾಯಿ ನೆಂಟರ ವಿರೋಧ ಮೀರಿ ಗಂಡನಿದ್ದ ಊರಿಗೆ ಹೊರಟರು. ಹೋದದ್ದು ಕ್ರೈಸ್ತಳಾಗಲು ಅಲ್ಲ, ಗಂಡನ ಜೊತೆ ಬದುಕಲು. ತಮ್ಮ ಮಡಿ, ತಮ್ಮ ಅಡುಗೆ, ತಮ್ಮ ದೇವರು ಯಾವುದನ್ನೂ ಬಿಡಲಿಲ್ಲ. ಟಿಳಕರು ಅದಕ್ಕೆ ಅಡ್ಡಿ ಮಾಡಲಿಲ್ಲ. ಪಾದ್ರಿಗಳ ಮಧ್ಯೆ ಬದುಕುತ್ತಿದ್ದ ಒಬ್ಬ ಬೋಧಕನ ಹೆಂಡತಿ ಕ್ರೈಸ್ತರ ಕೈಯ ನೀರು ಮುಟ್ಟುವುದಿಲ್ಲ ಎಂದರೆ ಊರಿನವರ ಕಣ್ಣಲ್ಲಿ ಏನಾಗುತ್ತದೆ ಎಂಬ ಲೆಕ್ಕ ಅವರು ಹಾಕಲಿಲ್ಲ.

ಬದಲಾವಣೆ ಬಂದದ್ದು ನಿಧಾನವಾಗಿ. ಜಾತಿ ಎಂಬುದು ದೇವರು ಮಾಡಿದ್ದೇ, ಮನುಷ್ಯ ಮಾಡಿದ್ದೇ ಎಂಬ ಪ್ರಶ್ನೆ ಲಕ್ಷ್ಮೀಬಾಯಿಯವರನ್ನು ಒಳಗೊಳಗೇ ಕಾಡಿತು. ದೇವರು ಮಾಡಿದ್ದು ಮನುಷ್ಯರನ್ನು ಮಾತ್ರ, ಮೇಲು ಕೀಳು ಮಾಡಿದ್ದು ನಾವೇ ಎಂಬ ತೀರ್ಮಾನಕ್ಕೆ ತಾವಾಗಿಯೇ ಬಂದರು. ಯಾರ ಕೈಯಿಂದಾದರೂ ನೀರು ಕುಡಿಯುವೆ ಎಂದು ಮೊದಲು ಜಾತಿ ಬಿಟ್ಟರು, ಧರ್ಮದ ಮಾತು ಆಮೇಲೆ. 1900ರಲ್ಲಿ ಅವರೂ ದೀಕ್ಷಾಸ್ನಾನ ಪಡೆದರು.

ಸೇವೆಯಲ್ಲಿರುವ ಕುಟುಂಬಗಳು ಈ ಭಾಗವನ್ನು ಎರಡು ಸಲ ಓದಬೇಕು. ದೇವರ ಕರೆ ಬಂತು ಎಂದು ಗಂಡ ಒಬ್ಬನೇ ತೀರ್ಮಾನ ಮಾಡಿ ಹೊರಟಾಗ ಮನೆಯಲ್ಲಿ ಉಳಿದವರಿಗೆ ಏನಾಗುತ್ತದೆ ಎಂಬುದು ಇಲ್ಲಿದೆ. ಹೆಂಡತಿಯನ್ನು ಕತ್ತಲಲ್ಲಿಟ್ಟದ್ದು ಟಿಳಕರ ತಪ್ಪು. ಆಕೆ ಮರಳಿ ಬಂದ ಮೇಲೆ ಒತ್ತಾಯ ಮಾಡದೆ ಕಾದದ್ದು ಅವರು ಆ ತಪ್ಪಿಗೆ ಕೊಟ್ಟ ಪ್ರಾಯಶ್ಚಿತ್ತ ಎನ್ನಬಹುದು.

ತುಕಾರಾಮನ ದಾರಿಯಲ್ಲೇ ಬಂದವರು

1904ರಲ್ಲಿ ಟಿಳಕರಿಗೆ ಗುರುದೀಕ್ಷೆಯಾಯಿತು. ಅಷ್ಟರಲ್ಲಿ ಅವರು ಒಂದು ಕೊರತೆಯನ್ನು ಚೆನ್ನಾಗಿ ಕಂಡುಕೊಂಡಿದ್ದರು. ಮರಾಠಿ ಸಭೆಗಳಲ್ಲಿ ಹಾಡುತ್ತಿದ್ದ ಬಹುಪಾಲು ಗೀತೆಗಳು ಇಂಗ್ಲಿಷ್ ಹಾಡುಗಳ ಅನುವಾದ. ರಾಗ ಅಲ್ಲಿಯದು, ಮಾತು ಮಾತ್ರ ಇಲ್ಲಿಯದು. ಜ್ಞಾನೇಶ್ವರಿ ಓದಿದ, ತುಕಾರಾಮನ ಅಭಂಗ ಕೇಳಿ ಬೆಳೆದ ಜನರ ಎದೆಗೆ ಅದು ಇಳಿಯುವಂತಿರಲಿಲ್ಲ.

ಟಿಳಕರು ಅಭಂಗ, ಓವಿ, ಭಜನೆ, ಕೀರ್ತನೆಗಳನ್ನು ಕ್ರೈಸ್ತ ಆರಾಧನೆಗೆ ತಂದರು. ತಾಳ, ತಂಬೂರಿ ಹಿಡಿದು ಕ್ರಿಸ್ತನ ಕಥೆ ಹೇಳುವ ಕೀರ್ತನೆ ಅವರಿಂದ ಬೇರೂರಿತು. ಮುಂದೆ ಲಕ್ಷ್ಮೀಬಾಯಿಯವರೂ ಕೀರ್ತನೆಗೆ ನಿಂತರು. ತಾವು ಕ್ರಿಸ್ತನ ಹತ್ತಿರ ಬಂದದ್ದು ತುಕಾರಾಮನೆಂಬ ಸೇತುವೆಯ ಮೇಲೆ ನಡೆದು ಎಂಬುದು ಟಿಳಕರು ಮರೆಮಾಚದ ಮಾತು. ತಾಯಿಯ ಭಕ್ತಿ, ವಾರಕರಿ ಸಂತರ ಹಾಡು ತಮಗೆ ದಾರಿ ತೋರಿದವು ಎಂದೇ ಅವರು ತಿಳಿದಿದ್ದರು. ಮರಾಠಿ ಕ್ರೈಸ್ತರ ಗೀತಪುಸ್ತಕದಲ್ಲಿ ಅವರ ಹಾಡುಗಳ ಸಂಖ್ಯೆ ಇಂದಿಗೂ ದೊಡ್ಡದು. ಅಭಂಗಾಂಜಲಿ ಅವರ ಭಕ್ತಿಗೀತೆಗಳ ಹೆಸರಾಂತ ಸಂಗ್ರಹ.

ಅವರ ಕವಿತೆ ಸಭೆಯ ಗೋಡೆಯೊಳಗೇ ನಿಲ್ಲಲಿಲ್ಲ. ಹೂವು, ಹಕ್ಕಿ, ಮಕ್ಕಳು, ದೇಶ ಎಲ್ಲದರ ಮೇಲೂ ಬರೆದರು. ಬೇಟೆಗಾರನ ಪೆಟ್ಟು ತಿಂದು ಮರಿಗಳ ಹತ್ತಿರ ಬಂದು ಸಾಯುವ ಹಕ್ಕಿಯ ಮೇಲಿನ ಕವಿತೆಯನ್ನು ಕಲಿಯದ ಮರಾಠಿ ಶಾಲಾಮಕ್ಕಳು ಒಂದು ಕಾಲದಲ್ಲಿ ಕಡಿಮೆ. ಹೂವು ಮತ್ತು ಮಕ್ಕಳ ಮೇಲೆ ಬರೆದ ಪದ್ಯಗಳಿಂದಾಗಿ ಅವರಿಗೆ ಹೂವು ಮಕ್ಕಳ ಕವಿ ಎಂಬ ಹೆಸರೇ ಬಂತು. 1912ರಿಂದ ಜ್ಞಾನೋದಯ ಪತ್ರಿಕೆಯ ಮರಾಠಿ ವಿಭಾಗದ ಸಂಪಾದಕರಾದರು. 1842ರಲ್ಲಿ ಅಹಮದ್‌ನಗರದಲ್ಲಿ ಶುರುವಾದ ಈ ಹಳೆಯ ಪತ್ರಿಕೆಯ ಪುಟಗಳಲ್ಲಿ ತಮ್ಮ ಕೊನೆಯವರೆಗೂ ಬರೆದರು.

ಕನ್ನಡಿಗರಿಗೆ ಇದು ತೀರಾ ಹೊಸ ವಿಷಯವಲ್ಲ. ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಎಂಬ ಮೊದಲ ಕನ್ನಡ ಪತ್ರಿಕೆ ಹೊರಡಿಸಿದರು. ಫರ್ಡಿನಾಂಡ್ ಕಿಟೆಲ್ 1862ರಲ್ಲೇ ಯೇಸುವಿನ ಜೀವನವನ್ನು ಕನ್ನಡದ ಪದ್ಯಗಳಲ್ಲಿ ಕಥಾಮಾಲೆ ಎಂದು ಬರೆದರು. ಅವರ ಹೆಸರಾಂತ ನಿಘಂಟು ಅಚ್ಚಾದದ್ದು 1894ರಲ್ಲಿ, ಟಿಳಕರ ದೀಕ್ಷಾಸ್ನಾನದ ಹಿಂದಿನ ವರ್ಷ. ಇನ್ನು ಉತ್ತಂಗಿ ಚನ್ನಪ್ಪನವರು. ಸ್ವತಃ ಪಾದ್ರಿಯಾಗಿದ್ದ ಅವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು, 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮರಾಠಿಯ ಟಿಳಕ್, ಕನ್ನಡದ ಉತ್ತಂಗಿ ಇಬ್ಬರೂ ತಮ್ಮ ನೆಲದ ಸಂತರನ್ನು ಬಿಟ್ಟುಕೊಡದೆ ಕ್ರಿಸ್ತನ ಸೇವೆ ಮಾಡಿದವರು. ಜನರ ಮಾತು, ಜನರ ಹಾಡು ಗೊತ್ತಿಲ್ಲದವನು ಜನರಿಗೆ ಬೋಧಕನಾಗಲಾರ ಎಂಬುದಕ್ಕೆ ಇವರಿಗಿಂತ ಬೇರೆ ಸಾಕ್ಷಿ ಬೇಡ.

ತೆರೆದ ಬಾಗಿಲ ಮನೆ

ಟಿಳಕರ ಮನೆಗೆ ಬಾಗಿಲು ಇತ್ತು, ಅಗುಳಿ ಇರಲಿಲ್ಲ ಎನ್ನುವ ಹಾಗೆ ಅವರು ಬದುಕಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಖ್ಖನ್ ಪ್ರದೇಶವನ್ನು ಭೀಕರ ಬರ ಬಡಿಯಿತು. ತಂದೆ ತಾಯಿ ಕಳೆದುಕೊಂಡ ಮಕ್ಕಳು ಬೀದಿಯಲ್ಲಿ ಬಿದ್ದಿದ್ದರು. ಟಿಳಕ್ ದಂಪತಿ ಅಂಥ ಮಕ್ಕಳನ್ನು ಮನೆಗೆ ತಂದು ಸಾಕಿದರು. ಬೋಧಕನ ಸಂಬಳ ಅಷ್ಟಕ್ಕಷ್ಟೇ. ಆದರೂ ಪಂಕ್ತಿಯಲ್ಲಿ ಎಲೆಗಳು ಹೆಚ್ಚುತ್ತಲೇ ಹೋದವು.

ಕೈಯಲ್ಲಿದ್ದ ದುಡ್ಡು ಎದುರಿಗೆ ಬಂದವರಿಗೆ ಹೋಗುತ್ತಿತ್ತು. ತಿಂಗಳ ಕೊನೆಯಲ್ಲಿ ಅಡುಗೆ ಮನೆ ಹೇಗೆ ನಡೆಯಬೇಕು ಎಂಬ ಚಿಂತೆ ಮಾತ್ರ ಲಕ್ಷ್ಮೀಬಾಯಿಯ ಪಾಲಿಗೆ. ಗಂಡನ ಕೋಪ, ಮರೆವು, ಲೆಕ್ಕವಿಲ್ಲದ ದಾನ ಇವನ್ನೆಲ್ಲ ಆಕೆ ಮುಂದೆ ತಮ್ಮ ಆತ್ಮಕಥೆಯಲ್ಲಿ ಮುಚ್ಚಿಡದೆ, ನಗುನಗುತ್ತಲೇ ಬರೆದರು. ದಾನ ಮಾಡುವ ಕೈ ಎಲ್ಲರಿಗೂ ಕಾಣುತ್ತದೆ, ಅದರ ಹಿಂದೆ ಖಾಲಿ ಡಬ್ಬ ತಡಕುವ ಕೈ ಯಾರಿಗೂ ಕಾಣುವುದಿಲ್ಲ. ಸೇವೆಯ ಲೆಕ್ಕ ಬರೆಯುವಾಗ ಎರಡೂ ಕೈಗಳನ್ನು ಸೇರಿಸಬೇಕು.

ಮರಾಠಿಯ ಹೆಸರಾಂತ ನಿಸರ್ಗ ಕವಿ ಬಾಲಕವಿ, ಅಂದರೆ ತ್ರ್ಯಂಬಕ ಬಾಪೂಜಿ ಠೋಂಬರೆ, ಹುಡುಗನಾಗಿದ್ದಾಗ ಟಿಳಕರ ಮನೆಯಲ್ಲಿ ಉಳಿದವರು. ಮನೆಯ ಮಗನ ಹಾಗೆ ಉಂಡು, ಜಗಳಾಡಿ, ಕವಿತೆ ಬರೆದರು. ಪಾದ್ರಿಯ ಮನೆಯಲ್ಲಿದ್ದರೂ ಹಿಂದೂವಾಗಿಯೇ ಉಳಿದರು. ಟಿಳಕರು ಅವರಲ್ಲಿ ಬೆಳೆಸಿದ್ದು ಕವಿತೆಯನ್ನು. ಅನ್ನ ಹಾಕಿದೆ, ಆದ್ದರಿಂದ ನನ್ನ ದೇವರಿಗೆ ಕೈ ಮುಗಿ ಎಂಬ ಷರತ್ತು ಆ ಮನೆಯಲ್ಲಿ ಇರಲಿಲ್ಲ. 1918ರಲ್ಲಿ ಬಾಲಕವಿ ರೈಲಿಗೆ ಸಿಕ್ಕಿ ಎಳೆಯ ವಯಸ್ಸಿನಲ್ಲೇ ತೀರಿಹೋದಾಗ ಟಿಳಕರ ಮನೆ ಮಗನನ್ನೇ ಕಳೆದುಕೊಂಡಿತು.

ಸಂಬಳ ಬಿಟ್ಟು ಸಾತಾರಾಕ್ಕೆ

ವಯಸ್ಸಾದಂತೆ ಟಿಳಕರ ಮನಸ್ಸಿನಲ್ಲಿ ಒಂದು ತಳಮಳ ಹೆಚ್ಚುತ್ತ ಹೋಯಿತು. ಮಿಷನ್ ಅವರಿಗೆ ಆಸರೆ ಕೊಟ್ಟಿತ್ತು, ಮಿಷನರಿಗಳಲ್ಲಿ ಒಳ್ಳೆಯ ಸ್ನೇಹಿತರಿದ್ದರು. ಆದರೆ ದುಡ್ಡು ಹೊರದೇಶದ್ದು, ತೀರ್ಮಾನ ಹೊರಗಿನವರದ್ದು. ಭಾರತೀಯ ಕ್ರೈಸ್ತರು ಯಾವಾಗಲೂ ಕೈ ಚಾಚಿ ನಿಂತಿರಬೇಕೇ ಎಂಬುದು ಅವರ ಪ್ರಶ್ನೆ. ಕ್ರಿಸ್ತನನ್ನು ನಂಬಿದ ಮಾತ್ರಕ್ಕೆ ದೇಶ ಪರದೇಶವಾಗಬಾರದು, ಊಟ ಉಡುಗೆ ಹಾಡು ಬದಲಾಗಬಾರದು ಎಂಬುದು ಅವರ ನಿಲುವು. ದೇಶಪ್ರೇಮದ ಕವಿತೆಗಳನ್ನು ಬರೆದ ಪಾದ್ರಿ ಬ್ರಿಟಿಷರ ಕಾಲದಲ್ಲಿ ಎರಡೂ ಕಡೆಯಿಂದ ಅನುಮಾನಕ್ಕೆ ಗುರಿಯಾಗುವುದು ಸಹಜ. ಹಿಂದೂ ಬಂಧುಗಳ ಕಣ್ಣಲ್ಲಿ ಅವರು ಬಿಟ್ಟು ಹೋದವರು. ಬಿಳಿಯರ ಕಣ್ಣಲ್ಲಿ ತುಂಬ ಸ್ವದೇಶಿ.

1917ರಲ್ಲಿ, ಐವತ್ತೈದು ದಾಟಿದ ವಯಸ್ಸಿನಲ್ಲಿ, ಟಿಳಕರು ಮಿಷನ್ನಿನ ಸಂಬಳದ ಕೆಲಸ ಬಿಟ್ಟರು. ಸಾತಾರಾಕ್ಕೆ ಹೋಗಿ ಸಂನ್ಯಾಸಿಯ ಹಾಗೆ ಬದುಕತೊಡಗಿದರು. ಅಲ್ಲಿ ದೇವರ ದರ್ಬಾರು ಎಂಬ ಬಳಗ ಕಟ್ಟಲು ಹೊರಟರು. ದೀಕ್ಷಾಸ್ನಾನ ಪಡೆದವರು, ಪಡೆಯದವರು ಎಂಬ ಭೇದವಿಲ್ಲದೆ, ಕ್ರಿಸ್ತನನ್ನು ಗುರುವೆಂದು ಒಪ್ಪಿದ ಎಲ್ಲರೂ ಒಂದೇ ಕುಟುಂಬವಾಗಿ ಸೇರಬೇಕು ಎಂಬುದು ಅದರ ಆಶಯ. ಅದು ಹೊಸ ಪಂಥವೂ ಅಲ್ಲ, ಸಭೆಗೆ ಎದುರು ನಿಂತ ಸಭೆಯೂ ಅಲ್ಲ. ಭಾರತದ ಗುರು ಶಿಷ್ಯ ಪದ್ಧತಿಯಲ್ಲಿ ಕ್ರಿಸ್ತನನ್ನು ಹಿಂಬಾಲಿಸುವ ಒಂದು ಪ್ರಯತ್ನ.

ಆ ಕನಸಿಗೆ ಕಾಲ ಸಿಕ್ಕಿದ್ದು ಎರಡೇ ವರ್ಷ. ಆರೋಗ್ಯ ಕೆಟ್ಟಿತು. 1919ರ ಮೇ 9ರಂದು ಮುಂಬೈಯಲ್ಲಿ ಟಿಳಕರು ಕೊನೆಯುಸಿರೆಳೆದರು. ವಯಸ್ಸು 57. ದೇವರ ದರ್ಬಾರು ಅವರ ನಂತರ ದೊಡ್ಡದಾಗಿ ಬೆಳೆಯಲಿಲ್ಲ. ಸಂಸ್ಥೆಯ ಲೆಕ್ಕದಲ್ಲಿ ನೋಡಿದರೆ ಅದು ಸೋಲು. ಆದರೆ ತಿಂಗಳು ತಿಂಗಳು ಬರುವ ಸಂಬಳವನ್ನು ಆ ವಯಸ್ಸಿನಲ್ಲಿ ಬಿಟ್ಟು, ನಂಬಿದ ಮಾತಿನಂತೆ ನಡೆದದ್ದು ಸಣ್ಣ ವಿಷಯವಲ್ಲ. ಭಾರತೀಯ ಸಭೆ ತನ್ನ ಕಾಲ ಮೇಲೆ ನಿಲ್ಲಬೇಕು ಎಂಬ ಮಾತು ಆಮೇಲೆ ಎಲ್ಲ ಕಡೆ ಕೇಳಿಬಂತು. ಟಿಳಕರು ಅದನ್ನು ತಮ್ಮ ಹೊಟ್ಟೆಯ ಮೇಲೆ ಬರೆ ಎಳೆದುಕೊಂಡು ತೋರಿಸಿದ್ದರು.

ಅರ್ಧಕ್ಕೆ ನಿಂತ ಮಹಾಕಾವ್ಯ

ಟಿಳಕರ ಮೇಜಿನ ಮೇಲೆ ಒಂದು ಕೆಲಸ ಅರ್ಧಕ್ಕೇ ಉಳಿದಿತ್ತು. ರಾಮಾಯಣದ ಹಾಗೆ ಮರಾಠಿ ಮನೆಗಳಲ್ಲಿ ಓದುವಂಥ ಕ್ರಿಸ್ತನ ಕಥೆ ಬರೆಯಬೇಕು ಎಂದು 1909ರಲ್ಲಿ ಕ್ರಿಸ್ತಾಯನ ಎಂಬ ಕಾವ್ಯಕ್ಕೆ ಕೈಹಾಕಿದ್ದರು. ಅದಕ್ಕೂ ಮುಂಚೆ 1616ರಲ್ಲಿ ಗೋವೆಯಲ್ಲಿ ಫಾದರ್ ಥಾಮಸ್ ಸ್ಟೀಫನ್ಸ್ ಅವರ ಕ್ರಿಸ್ತಪುರಾಣ ಅಚ್ಚಾಗಿತ್ತು. ಓವಿಯ ಧಾಟಿಯಲ್ಲಿದ್ದ ಆ ಕಾವ್ಯದ ನಂತರ ಮೂರು ಶತಮಾನ ಕಳೆದಿತ್ತು. ಟಿಳಕರಿಂದ ಬರೆಯಲಾದದ್ದು ಹತ್ತು ಹನ್ನೊಂದು ಅಧ್ಯಾಯ ಮಾತ್ರ.

ಮುಗಿಸಿದವರು ಲಕ್ಷ್ಮೀಬಾಯಿ. ಶಾಲೆಗೆ ಹೋಗದ, ಗಂಡ ಕಲಿಸಿದ ಅಕ್ಷರದಷ್ಟೇ ಬಂಡವಾಳವಿದ್ದ, ಒಂದು ಕಾಲದಲ್ಲಿ ಗಂಡನ ಧರ್ಮದ ಹೆಸರು ಕೇಳಿ ಹಾಸಿಗೆ ಹಿಡಿದಿದ್ದ ಹೆಂಗಸು ಅರವತ್ತಕ್ಕೂ ಹೆಚ್ಚು ಅಧ್ಯಾಯ ಬರೆದು ಆ ಕಾವ್ಯವನ್ನು ದಡ ಮುಟ್ಟಿಸಿದರು. ಅದರ ಜೊತೆಗೆ ಸ್ಮೃತಿಚಿತ್ರೆ ಎಂಬ ತಮ್ಮ ಆತ್ಮಕಥೆಯನ್ನೂ ಬರೆದರು. 1934ರಿಂದ ಭಾಗ ಭಾಗವಾಗಿ ಹೊರಬಂದ ಆ ಪುಸ್ತಕ ಮರಾಠಿಯ ಅತ್ಯುತ್ತಮ ಆತ್ಮಕಥೆಗಳಲ್ಲಿ ಒಂದು ಎಂದು ಇಂದಿಗೂ ಎಣಿಸಲ್ಪಡುತ್ತದೆ. 1936ರಲ್ಲಿ ಲಕ್ಷ್ಮೀಬಾಯಿ ತೀರಿಕೊಂಡರು.

ಟಿಳಕರ ಬಗ್ಗೆ ಜಗತ್ತಿಗೆ ಇಂದು ಗೊತ್ತಿರುವುದರಲ್ಲಿ ಹೆಚ್ಚಿನ ಪಾಲು ಆ ಪುಸ್ತಕದಿಂದಲೇ ಬಂದದ್ದು. ಸಭೆಯ ಮುಂದೆ ನಿಂತ ಪಾದ್ರಿಯನ್ನು ಎಲ್ಲರೂ ಕಂಡಿದ್ದರು. ಮನೆಯೊಳಗಿನ ಮನುಷ್ಯನನ್ನು ಕಂಡವರು ಆಕೆ ಒಬ್ಬರೇ. ಆ ಮನುಷ್ಯನ ಕೋಪ, ಹಟ, ಬೇಜವಾಬ್ದಾರಿ ಎಲ್ಲವನ್ನೂ ಬರೆದ ಮೇಲೂ ಆತನ ಮೇಲಿನ ಪ್ರೀತಿ, ಗೌರವ ಉಳಿದಿದೆ. ಯಾವುದೇ ಬೋಧಕನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ.

ಸೇವೆಯಲ್ಲಿ ಇರುವವರಿಗೆ

ನವಿ ಮುಂಬೈ, ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಇಂದು ಬೇರೆ ಬೇರೆ ಭಾಷೆಯ ಸಭೆಗಳಿವೆ. ಕೆಲಸ ಹುಡುಕಿ ಬಂದ ಕುಟುಂಬಗಳು, ಬಾಡಿಗೆ ಮನೆ, ದೂರದ ಪ್ರಯಾಣ, ಸಮಯವಿಲ್ಲದ ಬದುಕು. ಇಂಥ ಊರಿನಲ್ಲಿ ಸಭಾಪಾಲಕನ ಕೆಲಸ ಸುಲಭವಲ್ಲ. ಟಿಳಕರ ಬದುಕು ಅವರಿಗೆ ಕೆಲವು ಸರಳ ಮಾತುಗಳನ್ನು ಬಿಟ್ಟು ಹೋಗಿದೆ.

ಎದುರಿಗಿರುವವನ ಓದು, ನಂಬಿಕೆ, ಭಾಷೆಯನ್ನು ಮೊದಲು ಗೌರವಿಸಬೇಕು. ಓದಿ ಯೋಚಿಸಲು ಅವನಿಗೆ ಸಮಯ ಕೊಡಬೇಕು. ಹಸಿದವನಿಗೆ ಅನ್ನ ಹಾಕುವಾಗ ಷರತ್ತು ಇಡಬಾರದು. ಜನರ ಹಾಡಿನಲ್ಲೇ ದೇವರ ಮಾತು ಹೇಳಬೇಕು. ದುಡ್ಡು ಕೊಟ್ಟವರ ಮಾತಿಗೆ ಮನಸ್ಸಾಕ್ಷಿಯನ್ನು ಒತ್ತೆ ಇಡಬಾರದು. ಇವೆಲ್ಲಕ್ಕಿಂತ ಮೊದಲು, ಸೇವೆಗೆ ಹೊರಡುವವನು ತನ್ನ ಮನೆಯವರ ಹತ್ತಿರ ಕುಳಿತು ಮಾತಾಡಿರಬೇಕು. ಈ ಕೊನೆಯ ಮಾತನ್ನು ಟಿಳಕರು ತಡವಾಗಿ ಕಲಿತರು. ಕಲಿಸಿದವರು ಲಕ್ಷ್ಮೀಬಾಯಿ.

ಕಲ್ಯಾಣದಲ್ಲಿ ಅಕ್ಷರ ತಿದ್ದಿದ ಹುಡುಗ ಹೆಂಡತಿಗೆ ಅಕ್ಷರ ಕಲಿಸಿದ. ಆ ಹೆಂಡತಿ ಅದೇ ಅಕ್ಷರದಲ್ಲಿ ಗಂಡ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಗಿಸಿದಳು. ಮುಂದಿನ ಸಲ ಲೋಕಲ್ ಕಲ್ಯಾಣದಲ್ಲಿ ನಿಂತಾಗ ಈ ಇಬ್ಬರನ್ನೂ ಒಮ್ಮೆ ನೆನೆಯಬಹುದು.